ಪಿತ್ತವೂ ಕಲ್ಲೂ: ಎರಡು ಮಾತುಗಳ ತೊಡಕು

ನಮ್ಮ ಮನೆಮಾತಿನಲ್ಲಿ ‘ಪಿತ್ತ’ವೆಂದರೆ ಹುಳಿತೇಗು, ತಲೆಸುತ್ತು, ಓಕರಿಕೆ, ‘ಕಲ್ಲು’ ಎಂದರೆ ಮೂತ್ರದ ಕಲ್ಲು. ಹೀಗಾಗಿ ಪಿತ್ತಕೋಶದಲ್ಲಿ ಕಲ್ಲಿದೆಯೆಂದು ವೈದ್ಯರು ತಿಳಿಸಿದೊಡನೆ ಬಂಧುಗಳು ಒಬ್ಬರ ಮೇಲೊಬ್ಬರಂತೆ ಜೀರಿಗೆ ಕಷಾಯವನ್ನೂ ಬಾಳೆದಿಂಡಿನ ರಸವನ್ನೂ ಸೂಚಿಸತೊಡಗುತ್ತಾರೆ. ಸಲಹೆಯ ಹಿಂದೆ ಪ್ರೀತಿಯಿದೆ, ನಿಜ. ಆದರೆ ಮಾತಿನ ಹೋಲಿಕೆಯನ್ನೇ ರೋಗದ ಹೋಲಿಕೆಯೆಂದು ಭಾವಿಸುವುದು ಅಪಾಯಕರವೆಂಬುದು ನನ್ನ ಅಭಿಪ್ರಾಯ.

ಪಿತ್ತಕೋಶವು ಯಕೃತ್ತಿನ ಕೆಳಗಿರುವ ಪುಟ್ಟ ಚೀಲ. ಯಕೃತ್ತು ತಯಾರಿಸಿದ ಪಿತ್ತರಸ ಅಲ್ಲಿ ಶೇಖರವಾಗಿ, ಜಿಡ್ಡಿನ ಆಹಾರ ಸಣ್ಣ ಕರುಳಿಗೆ ಬಂದಾಗ ಹೊರಬೀಳುತ್ತದೆ. ಆ ರಸದಲ್ಲಿರುವ ಕೊಲೆಸ್ಟರಾಲ್ ಅಥವಾ ಬಣ್ಣದ ಅಂಶ ಗಟ್ಟಿಯಾದಾಗ ಕಲ್ಲಾಗುತ್ತದೆ. ಮೂತ್ರದ ಹಾದಿಗೂ ಅದಕ್ಕೂ ಸಂಬಂಧವಿಲ್ಲ. ಎಷ್ಟು ನೀರು ಕುಡಿದರೂ ಅದು ಹರಿದುಹೋಗದು, ಯಾವ ಪಥ್ಯವೂ ಅದನ್ನು ಕರಗಿಸದು. ಆಲಿವ್ ಎಣ್ಣೆಯನ್ನು ನಿಂಬೆರಸದೊಡನೆ ಕುಡಿದರೆ ಕಲ್ಲು ಹೊರಬೀಳುತ್ತದೆಂಬ ಮಾತೂ ಪ್ರಚಾರದಲ್ಲಿದೆ. ಹಾಗೆ ಹೊರಬಂದ ಹಸಿರು ಉಂಡೆಗಳನ್ನು ಪರೀಕ್ಷಿಸಿದ ವರದಿಯೊಂದು 2005ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಅವು ಕಲ್ಲುಗಳಾಗಿರಲಿಲ್ಲ, ಕುಡಿದ ಎಣ್ಣೆಯಿಂದಲೇ ಹೊಟ್ಟೆಯೊಳಗೆ ಉಂಟಾದ ಸಾಬೂನಿನಂಥ ಗಂಟುಗಳಾಗಿದ್ದವು.

ಹಾಗಾದರೆ ಪಥ್ಯ ಬೇಡವೇ? ಬೇಕು, ಕಲ್ಲನ್ನು ಕರಗಿಸಲಿಕ್ಕಲ್ಲ, ನೋವನ್ನು ಕೆರಳಿಸದಿರಲಿಕ್ಕೆ. ಬೋಂಡ, ಪೂರಿ, ತುಪ್ಪ ಸುರಿದ ಸಿಹಿತಿಂಡಿ, ಕೊಬ್ಬಿನ ಮಾಂಸ ಕಡಿಮೆಯಾಗಲಿ. ರಾಗಿ, ಕಾಳು, ಸೊಪ್ಪು, ತರಕಾರಿಗಳು ಹೆಚ್ಚಲಿ. ಆದರೆ ಒಗ್ಗರಣೆಯ ಒಂದು ಚಮಚ ಎಣ್ಣೆಗೂ ಹೆದರಿ ಜಿಡ್ಡನ್ನು ಸಂಪೂರ್ಣವಾಗಿ ತ್ಯಜಿಸುವುದು ಸಲ್ಲದು. ದೀರ್ಘ ಉಪವಾಸವೂ ಅವಸರದಲ್ಲಿ ತೂಕ ಇಳಿಸುವ ಸಾಹಸವೂ ಹೊಸ ಕಲ್ಲುಗಳಿಗೆ ಎಡೆಮಾಡಿಕೊಡುತ್ತವೆ. ಕೋಶವು ಸಂಕುಚಿಸದೆ ರಸ ಅಲ್ಲೇ ನಿಂತು ಮಂದವಾಗುವುದೂ ಇದಕ್ಕೊಂದು ಕಾರಣ. ಹೊತ್ತಿಗೆ ಸರಿಯಾಗಿ, ಮಿತವಾಗಿ ಉಣ್ಣುವುದೇ ಲೇಸು.

ಯಾವ ತೊಂದರೆಯನ್ನೂ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಅಗತ್ಯವಿರುವುದಿಲ್ಲ. ಆದರೆ ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ಕಾಡುವ ನೋವು, ನಡುಕದ ಜ್ವರ, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಕಷಾಯ ಕುದಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಾಳವನ್ನು ಕಲ್ಲು ಮುಚ್ಚಿದರೆ ಸೋಂಕು ತಗಲಬಹುದು, ಮೇದೋಜೀರಕ ಗ್ರಂಥಿಯೂ ಊದಿಕೊಳ್ಳಬಹುದು. ಎರಡೂ ಪ್ರಾಣಕ್ಕೆ ಎರವಾಗಬಲ್ಲವು. ಕೋಶವನ್ನು ತೆಗೆಸಿಕೊಂಡರೆ ಜೀವನವಿಡೀ ಗಂಜಿಯೇ ಗತಿ ಎಂಬ ಅಂಜಿಕೆಯೂ ಬೇಡ. ಪಿತ್ತರಸವನ್ನು ತಯಾರಿಸುವುದು ಯಕೃತ್ತು. ಅದು ಬಳಿಕ ನೇರವಾಗಿ ಕರುಳಿಗೆ ಇಳಿಯುತ್ತದೆ. ಬಹುಪಾಲು ಜನ ಕೆಲವು ವಾರಗಳಲ್ಲಿ ಎಂದಿನ ಊಟಕ್ಕೆ ಮರಳುತ್ತಾರೆ.

ಇನ್ನು ಮುಂದೆ ಯಾರಾದರೂ ಕಲ್ಲಿಗೆ ಮದ್ದು ಹೇಳಿದರೆ, ‘ಯಾವ ಕಲ್ಲಿಗೆ?’ ಎಂದು ವಿನಯದಿಂದಲೇ ಕೇಳುವ ಅಭ್ಯಾಸ ಮಾಡಿಕೊಳ್ಳೋಣ.