ಗಂಜಿಯೊಂದೇ ಪಥ್ಯವಲ್ಲ

ಕರುಳಿನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ವಾರಗಟ್ಟಲೆ ತಿಳಿಗಂಜಿಯನ್ನಷ್ಟೇ ಉಣಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಉಂಟು. ಅದರ ಹಿಂದಿರುವುದು ಅಕ್ಕರೆಯೇ. ಆದರೆ ದೇಹದ ಲೆಕ್ಕವೇ ಬೇರೆ.

ಗಾಯಗೊಂಡ ಶರೀರವು ತನ್ನ ಮಾಂಸಖಂಡಗಳನ್ನೇ ಕರಗಿಸಿ, ಆ ಸಸಾರಜನಕದಿಂದ ಗಾಯವನ್ನು ಮಾಯಿಸಲು, ಸೋಂಕನ್ನು ಎದುರಿಸಲು ಯತ್ನಿಸುತ್ತದೆ. 1930ರ ದಶಕದಲ್ಲಿ ಗ್ಲಾಸ್ಗೋದ ಡೇವಿಡ್ ಕತ್ಬರ್ಟ್‌ಸನ್ ಅವರು, ಮೂಳೆ ಮುರಿದವರ ಮೂತ್ರದಲ್ಲಿ ಸಾರಜನಕವು ಅಧಿಕವಾಗಿ ಹೊರಹೋಗುವುದನ್ನು ಅಳೆದು ಈ ನಷ್ಟವನ್ನು ತೋರಿಸಿಕೊಟ್ಟರು. ಆಹಾರವು ಅದನ್ನು ತುಂಬದಿದ್ದರೆ ರೋಗಿ ಕೃಶನಾಗುವನು. ಕರುಳಿನ ಹೊಲಿಗೆ ಕೂಡುವುದೂ ತಡವಾದೀತು.

ಇಂಥವರಿಗೆ ದಿನವೊಂದಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಸಸಾರಜನಕ ಬೇಕೆಂದು ವೈದ್ಯರು ಹೇಳುತ್ತಾರೆ. ಎಂದರೆ 50 ಕಿಲೋ ತೂಗುವವರಿಗೆ 60ರಿಂದ 75 ಗ್ರಾಂ. ಒಂದು ಬಟ್ಟಲು ತಿಳಿಗಂಜಿಯಲ್ಲಿ 2 ಗ್ರಾಂ ಸಿಗುವುದೂ ಕಷ್ಟ. 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 6 ಗ್ರಾಂ ಇದೆ.

ಆದುದರಿಂದ ವೈದ್ಯರ ಅನುಮತಿ ಪಡೆದು ಮೊಸರು, ಪನೀರು, ನುಣ್ಣಗೆ ಬೇಯಿಸಿದ ಹೆಸರುಬೇಳೆಗಳನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಬಾರಿ ಕೊಡಬೇಕು. ಹಾಲು ಒಗ್ಗದಿದ್ದರೆ ಒತ್ತಾಯಿಸಬಾರದು. ಮೂತ್ರಪಿಂಡದ ತೊಂದರೆ ಇರುವವರ ಪ್ರಮಾಣವನ್ನು ವೈದ್ಯರೇ ನಿಶ್ಚಯಿಸಲಿ. ಆಸ್ಪತ್ರೆಯಿಂದ ಹೊರಡುವ ದಿನ ಔಷಧದ ಚೀಟಿಯೊಡನೆ ಊಟದ ಚೀಟಿಯನ್ನೂ ಕೇಳಿ ಬರೆಯಿಸಿಕೊಳ್ಳಿರಿ.