ಬಿದ್ದವನೋ, ಪಟ್ಟು ಹಿಡಿದವನೋ?

ಗೆದ್ದ ಎತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಎತ್ತು ಗೆದ್ದ ಮೇಲೆ ಅದರ ಬಾಲಕ್ಕೆ ನೂರು ಕೈಗಳು. ಅದು ಮೊದಲ ಸಲ ನೊಗಕ್ಕೆ ಹೆಗಲು ಕೊಟ್ಟ ದಿನವನ್ನು ನೆನಪಿಟ್ಟುಕೊಂಡಿರುವವನು ಅದನ್ನು ಸಾಕಿದ ಒಕ್ಕಲಿಗನೊಬ್ಬನೇ. ಹೆಸರಾದವರ ಜೀವನವನ್ನು ಕುರಿತು ಬರೆಯುವಾಗಲೂ ನಾವು ಹೀಗೆಯೇ ಮಾಡುತ್ತೇವೆ. ಕಿರೀಟ ಧರಿಸಿದ ದಿನದ ವರ್ಣನೆಗೆ ಹತ್ತು ಪುಟ. ಯಾರೂ ನಿರೀಕ್ಷಿಸದೆ ಇದ್ದ ಮೊದಲ ಗೆಲುವಿಗೆ ಅರ್ಧ ಸಾಲು. ಇದು ಬರಿಯ ಮರೆವಲ್ಲ, ನಮ್ಮ ತೀರ್ಪಿನ ದೋಷವೂ ಹೌದು ಎಂಬುದು ಈಚೆಗೆ ನನಗೆ ಮನವರಿಕೆಯಾಯಿತು. ಹಾಗೆ ಮನವರಿಕೆ ಮಾಡಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ.

ಆತ ಲಿಂಗಸುಗೂರು ತಾಲ್ಲೂಕಿನ ಕೃಷ್ಣಾತೀರದ ಕಡೆಯವನು. ಈಗ ಮಸ್ಕಿಯ ಸಮೀಪದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕ. ಒಂದು ಭಾನುವಾರ ಸಿಂಧನೂರಿಗೆ ಬಂದವನು ನನ್ನ ಮನೆಯನ್ನು ಹುಡುಕಿಕೊಂಡು ಬಂದ. ಚಹ ಮುಗಿದ ಮೇಲೆ ಕಿಸೆಯಿಂದ ಫೋನು ತೆಗೆದು, ತನ್ನ ಹುಡುಗರಿಗೆ ಪ್ರತಿ ವರ್ಷವೂ ತೋರಿಸುವ ಒಂದು ಕಾಳಗವನ್ನು ನನಗೂ ತೋರಿಸಿದ. ಗುದ್ದು, ಒದೆ, ಕುಸ್ತಿಯ ಪಟ್ಟು, ಕೀಲು ತಿರುಚುವ ವರಸೆ ಎಲ್ಲವೂ ಸಲ್ಲುವ, ಮಿಶ್ರ ಸಮರಕಲೆಯೆಂದು ಕರೆಯುವ ಆಟ ಅದು. ಎಂಟು ಮೂಲೆಯ, ಸುತ್ತ ಬಲೆ ಕಟ್ಟಿದ ಕಣದಲ್ಲಿ ಇಬ್ಬರು ಸೆಣಸುತ್ತಿದ್ದರು. ನಾನು ಮುಖ ತಿರುಗಿಸಿದೆ.

ಸಾಹಿತ್ಯಪುಟದ ವಾಚಕರಲ್ಲಿಯೂ ಕೆಲವರು ಈಗ ಮುಖ ತಿರುಗಿಸಿರಬಹುದು. ಅವರಿಗೆ ಒಂದು ಮಾತು. ಇಂಥ ಕಾಳಗ ನಮ್ಮ ಸೀಮೆಗೆ ಹೊಸದಲ್ಲ. ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಹಂಪೆ ದೂರವಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಅಲ್ಲಿಯ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜಟ್ಟಿಗಳ ಕಾಳಗ ತನ್ನ ದೇಶದ ಕುಸ್ತಿಯಂತಲ್ಲವೆಂದೂ, ಹಲ್ಲು ಮುರಿಯುವಂಥ ಹೊಡೆತಗಳು ಅದರಲ್ಲಿ ಸಲ್ಲುತ್ತವೆಯೆಂದೂ ಬರೆದಿಟ್ಟಿದ್ದಾನೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವೂ ಇದೇ ಬಳಗದ್ದು. ಆದುದರಿಂದ ಇದನ್ನು ಪರದೇಶದ ಪುಂಡಾಟವೆಂದು ತಳ್ಳಿಹಾಕುವ ಹಕ್ಕು ನಮಗಿಲ್ಲ. ರಕ್ತ ಕಂಡರೆ ನನಗೆ ಈಗಲೂ ಹಿಡಿಸದು; ಆ ಮಾತು ಬೇರೆ.

ಶಿಷ್ಯ ತೋರಿಸಿದುದು 1997ರ ಡಿಸೆಂಬರ್ 21ರಂದು ಜಪಾನಿನ ಯೊಕೊಹಾಮಾದಲ್ಲಿ ನಡೆದ ಪಂದ್ಯ. ಅಮೆರಿಕದ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್ ಸಂಸ್ಥೆ ಮೊದಲ ಸಲ ಜಪಾನಿಗೆ ಬಂದಿತ್ತು. ಭಾರೀ ತೂಕದ ನಾಲ್ವರ ಪಂದ್ಯಾವಳಿ. ಅದರಲ್ಲೊಬ್ಬ ಕಜುಶಿ ಸಾಕುರಾಬಾ. ಬರಬೇಕಾಗಿದ್ದ ಬೇರೊಬ್ಬ ಗಾಯಗೊಂಡ ಕಾರಣ ಅವನ ಬದಲಿಗೆ ಕೊನೆಯ ಗಳಿಗೆಯಲ್ಲಿ ಸೇರಿಕೊಂಡವನು. ವಿಶ್ವವಿದ್ಯಾಲಯದಲ್ಲಿ ಕುಸ್ತಿ ಕಲಿತು, ಅನಂತರ ಹೊಟ್ಟೆಪಾಡಿಗೆ ಪ್ರದರ್ಶನದ ಕುಸ್ತಿಯನ್ನು ಹಿಡಿದಿದ್ದ. ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಾಗಿರುವ, ನಾಟಕಕ್ಕೆ ಸಮೀಪವಾದ ಕುಸ್ತಿ ಅದು. ನಿಜವಾದ ಕಾಳಗದಲ್ಲಿ ಇಂಥವರು ನಿಲ್ಲಲಾರರೆಂದು ಜನ ನಗುತ್ತಿದ್ದರು. ಅದಕ್ಕೆ ಎರಡು ತಿಂಗಳ ಹಿಂದೆ, ಅಕ್ಟೋಬರಿನಲ್ಲಿ, ಅವನ ಗುರುಸ್ಥಾನದಲ್ಲಿದ್ದ ನೊಬುಹಿಕೊ ತಕಾಡಾ ಟೋಕಿಯೋದಲ್ಲಿ ಬ್ರೆಜಿಲಿನ ರಿಕ್ಸನ್ ಗ್ರೇಸಿಯ ಕೈಯಲ್ಲಿ ಸೋತು ಆ ನಗೆಗೆ ಇನ್ನಷ್ಟು ಬಲ ಬಂದಿತ್ತು.

ಸಾಕುರಾಬಾನ ಎದುರಾಳಿ ಬ್ರೆಜಿಲಿನ ಮಾರ್ಕಸ್ ಸಿಲ್ವೇರಾ. ಸುಮಾರು 110 ಕಿಲೋ ತೂಕದ ಆಳು, ನೆಲದ ಮೇಲಿನ ಹೋರಾಟಕ್ಕೆ ಹೆಸರಾದ ಜಿಯು-ಜಿಟ್ಸು ವಿದ್ಯೆಯಲ್ಲಿ ಕಪ್ಪು ಪಟ್ಟಿ ಪಡೆದವನು. ಸಾಕುರಾಬಾ ಅವನಿಗಿಂತ 20 ಕಿಲೋಗೂ ಹೆಚ್ಚು ಹಗುರ. ಕಾಳಗ ಮೊದಲಾಗಿ ಎರಡು ನಿಮಿಷ ತುಂಬಿರಲಿಲ್ಲ. ಸಿಲ್ವೇರಾನ ಗುದ್ದುಗಳು ಮಳೆಗರೆಯುತ್ತಿದ್ದಂತೆ ಸಾಕುರಾಬಾ ತಟ್ಟನೆ ಕುಸಿದ. ನಿರ್ಣಾಯಕ ನಡುವೆ ಬಂದು ಕಾಳಗವನ್ನು ನಿಲ್ಲಿಸಿ, ಸಿಲ್ವೇರಾ ಗೆದ್ದನೆಂದು ಸಾರಿದ.

ಇಲ್ಲಿ ನನ್ನ ಶಿಷ್ಯ ಚಿತ್ರವನ್ನು ನಿಲ್ಲಿಸಿ, ಬೆರಳಿಟ್ಟು ತೋರಿಸಿದ. "ಸರ, ಇಲ್ಲೊಮ್ಮೆ ನೋಡ್ರಿ. ಅಂವ ಬಿದ್ದಿಲ್ಲ. ಕಾಲು ಹಿಡೀಲಿಕ್ಕೆ ಬಗ್ಗ್ಯಾನ."

ನಾನು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದೆ. ನಿಜ. ಪ್ರಜ್ಞೆ ತಪ್ಪಿದವನ ಕೈಗಳು ಜೋತುಬೀಳುತ್ತವೆ. ಇವನ ಕೈಗಳು ಎದುರಾಳಿಯ ಕಾಲನ್ನು ಅರಸುತ್ತಿದ್ದುವು. ಜಾತ್ರೆಯ ಕುಸ್ತಿಯಲ್ಲಿ ಎಷ್ಟು ಸಲ ಕಂಡಿದ್ದೇವೆ! ಜಾಣ ಪೈಲ್ವಾನ ಏಟಿನ ಕೆಳಗೆ ನುಸುಳಿ ತೊಡೆಗೆ ಕೈ ಹಾಕುತ್ತಾನೆ. ಆ ಒಂದು ಕ್ಷಣ ಬೀಳುವವನಿಗೂ ಪಟ್ಟು ಹಿಡಿಯುವವನಿಗೂ ರೂಪ ಒಂದೇ. ನಿರ್ಣಾಯಕನ ಕಣ್ಣು ಅಲ್ಲಿ ಮೋಸಹೋಯಿತು.

ಮುಂದಿನದು ಮುಖ್ಯ. ಸಾಕುರಾಬಾ ಕಣದಿಂದ ಇಳಿಯಲಿಲ್ಲ. ತಾನು ಬಿದ್ದಿಲ್ಲವೆಂದು ಪ್ರತಿಭಟಿಸಿ ಅಲ್ಲಿಯೇ ನಿಂತ. ನಡೆಸುವವರು ಚಿತ್ರಮುದ್ರಿಕೆಯನ್ನು ಮತ್ತೆ ನೋಡಿದರು, ತಪ್ಪನ್ನು ಒಪ್ಪಿಕೊಂಡರು. ಆ ಕಾಳಗಕ್ಕೆ ಫಲಿತಾಂಶವಿಲ್ಲವೆಂದು ತೀರ್ಮಾನವಾಯಿತು. ಇನ್ನೊಂದು ಜೋಡಿಯಲ್ಲಿ ಗೆದ್ದಿದ್ದ ಅಮೆರಿಕದ ಟ್ಯಾಂಕ್ ಅಬಟ್ ಕೈಗೆ ಪೆಟ್ಟಾಗಿ ಹಿಂದೆ ಸರಿದುದರಿಂದ, ಅದೇ ರಾತ್ರಿ ಇವರಿಬ್ಬರೇ ಕೊನೆಯ ಪಂದ್ಯದಲ್ಲಿ ಮತ್ತೆ ಎದುರಾದರು. ಈ ಸಲ ನಾಲ್ಕು ನಿಮಿಷ ತುಂಬುವ ಮೊದಲೇ ಸಾಕುರಾಬಾ ಸಿಲ್ವೇರಾನ ತೋಳನ್ನು ತನ್ನ ಕಾಲುಗಳ ನಡುವೆ ಸಿಲುಕಿಸಿ ಮೊಣಕೈಯನ್ನು ಸೆಳೆದು ಹಿಡಿದ. ಕಪ್ಪು ಪಟ್ಟಿಯವನು ತನ್ನ ವಿದ್ಯೆಯ ಪಟ್ಟಿನಲ್ಲಿಯೇ ಸಿಕ್ಕಿ ಸೋಲೊಪ್ಪಿಕೊಂಡ.

ಸಾಕುರಾಬಾ ಅನಂತರ ದೊಡ್ಡ ಹೆಸರಾದ. 2000ದ ಮೇ 1ರಂದು ಟೋಕಿಯೋದಲ್ಲಿ ರಾಯ್ಸ್ ಗ್ರೇಸಿಯೊಡನೆ 90 ನಿಮಿಷ ಸೆಣಸಿದ. ಗ್ರೇಸಿಯ ಕಡೆಯವರು ಕೊನೆಗೆ ಟವೆಲು ಎಸೆದು ಸೋಲೊಪ್ಪಿಕೊಂಡರು. 2017ರಲ್ಲಿ ಅದೇ ಅಮೆರಿಕದ ಸಂಸ್ಥೆ ತನ್ನ ಕೀರ್ತಿಶಾಲೆಯಲ್ಲಿ ಅವನಿಗೆ ಸ್ಥಾನ ಕೊಟ್ಟಿತು. ಅವನ ಮಾತು ಬಂದಲ್ಲೆಲ್ಲ ಆ 90 ನಿಮಿಷಗಳೇ ಮುಂದೆ ಬಂದು ನಿಲ್ಲುತ್ತವೆ. ಯೊಕೊಹಾಮಾದ ನಾಲ್ಕು ನಿಮಿಷಗಳು ಪೀಠಿಕೆಯಾಗಿ ಹಿಂದೆ ಸರಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ದೊಡ್ಡ ಗೆಲುವು ಯೊಕೊಹಾಮಾದ್ದೇ. ಟೋಕಿಯೋದಲ್ಲಿ ಅವನು ಗೆದ್ದದ್ದು ಎದುರಾಳಿಯನ್ನು. ಯೊಕೊಹಾಮಾದಲ್ಲಿ ಎದುರಾಳಿಗಿಂತ ಮೊದಲು, ತನ್ನನ್ನು ಬಿದ್ದವನೆಂದು ಕರೆದ ತೀರ್ಪನ್ನು ಗೆಲ್ಲಬೇಕಾಗಿತ್ತು.

ಹತ್ತಿರದ ಉದಾಹರಣೆಯೂ ಇದೆ. ನಮ್ಮ ಲಿಂಗಸುಗೂರಿನ ಜಲದುರ್ಗವನ್ನು ಬಳಸಿ ಹರಿಯುವ ಕೃಷ್ಣೆಯೇ ಮೇಲೆ ಮಹಾರಾಷ್ಟ್ರದ ಕರಾಡದ ಬಳಿ ಕೊಯ್ನೆಯನ್ನು ಕೂಡಿಕೊಳ್ಳುತ್ತಾಳೆ. ಆ ಕರಾಡದ ಸಮೀಪದ ಗೋಳೇಶ್ವರದಲ್ಲಿ ಹುಟ್ಟಿದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಿಂದ ಕಂಚಿನ ಪದಕ ತಂದುದನ್ನು, ಅದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವೆಂಬುದನ್ನು, ಶಾಲೆಯ ಮಕ್ಕಳೂ ಬಲ್ಲರು. ಆದರೆ 1948ರಲ್ಲಿ, ಮಣ್ಣಿನ ಅಖಾಡದಲ್ಲಿ ಬೆಳೆದ ಅದೇ ಜಾಧವರು ರೂಢಿಯಿಲ್ಲದ ಚಾಪೆಯ ಮೇಲೆ ಲಂಡನ್ನಿನಲ್ಲಿ ಆಸ್ಟ್ರೇಲಿಯದ ಮಲ್ಲನನ್ನು ಕೆಡವಿ, ಕಡೆಗೆ ಆರನೆಯ ಸ್ಥಾನ ಪಡೆದುದು ಎಷ್ಟು ಜನಕ್ಕೆ ನೆನಪಿದೆ? ಆ ಆರನೆಯ ಸ್ಥಾನವಿಲ್ಲದೆ ಕಂಚು ಎಲ್ಲಿಂದ ಬರಬೇಕಾಗಿತ್ತು?

ಇಷ್ಟನ್ನೆಲ್ಲ ನಾನು ಶಿಷ್ಯನೊಡನೆ ಉತ್ಸಾಹದಿಂದ ಆಡುತ್ತಿದ್ದಾಗ ಆತ ನಗುತ್ತ ಒಂದು ಮಾತು ಹೇಳಿದ. "ಅಂವ ಕಣಾ ಬಿಟ್ಟು ಹೋಗಲಿಲ್ಲ ನೋಡ್ರಿ, ಸರ. ನಾನು ಹೋದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅನಂತರ ನೆನಪಾಯಿತು. ಅವನ ತಂದೆತಾಯಿ ಮಳೆಯಿಲ್ಲದ ಊರಿನಿಂದ ಸಿಂಧನೂರಿನ ನಾಲೆಯ ಕೆಳಗಣ ಗದ್ದೆಗಳಿಗೆ ಭತ್ತದ ನಾಟಿಯ ಕೂಲಿಗೆ ಬಂದವರು. ಹುಡುಗ ವರ್ಷದ ನಡುವೆ ನಮ್ಮ ತರಗತಿಗೆ ಸೇರಿದ್ದ. ಹಿಂದಿನ ಸಾಲಿನಲ್ಲಿ ಕೂತು, ಪಾಠದ ಹೊತ್ತಿಗೆ ತಲೆ ತಗ್ಗಿಸಿಬಿಡುತ್ತಿದ್ದ. ಎಷ್ಟೋ ದಿನ ಸಹಿಸಿದ ನಾನು ಒಂದು ದಿನ, "ನಿದ್ದೆ ಮಾಡುವವನಿಗೆ ಇಲ್ಲಿ ಜಾಗವಿಲ್ಲ, ಎದ್ದು ಹೋಗು" ಎಂದು ಗದರಿದ್ದೆ. ಆತ ಮಾತಾಡದೆ ಎದ್ದು ಹೋಗಿದ್ದ. ಮತ್ತೆ ತರಗತಿಗೆ ಬರಲು ವಾರಗಳೇ ಬೇಕಾದುವು.

ಆತ ನಿದ್ದೆ ಮಾಡುತ್ತಿರಲಿಲ್ಲವಂತೆ. ತಡವಾಗಿ ಸೇರಿದವನಿಗೆ ಪಠ್ಯಪುಸ್ತಕ ದೊರೆತಿರಲಿಲ್ಲ. ಪಕ್ಕದ ಹುಡುಗನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪಾಠವನ್ನು ಇಡಿಯಾಗಿ ನಕಲು ಮಾಡಿಕೊಳ್ಳುತ್ತಿದ್ದನಂತೆ. ಇದನ್ನು ಆತ ದೂರಾಗಿ ಹೇಳಲಿಲ್ಲ. ಹಳೆಯ ತಮಾಷೆಯನ್ನು ನೆನೆದಂತೆ ಹೇಳಿದ. ನನಗೆ ಮಾತ್ರ ಚಹದ ಬಟ್ಟಲನ್ನು ಕೆಳಗಿಡುವುದೂ ಕಷ್ಟವಾಯಿತು. ತಲೆ ಬಗ್ಗಿಸಿದವನನ್ನು ನಾನು ಬಿದ್ದವನೆಂದು ಸಾರಿದ್ದೆ. ಆ ತೀರ್ಪನ್ನು ಮತ್ತೆ ನೋಡಲು ನನ್ನ ಬಳಿ ಚಿತ್ರಮುದ್ರಿಕೆ ಇರಲಿಲ್ಲ, ನಿಜ. ಆದರೆ ಹಿಂದಿನ ಸಾಲಿನವರೆಗೆ ಹತ್ತು ಹೆಜ್ಜೆ ನಡೆದುಹೋಗಬಹುದಾಗಿತ್ತು.

ಬಗ್ಗಿದವರೆಲ್ಲ ಪಟ್ಟು ಹಿಡಿಯಲೆಂದೇ ಬಗ್ಗಿದವರೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ನಿಜವಾಗಿ ನಿದ್ದೆ ಮಾಡುವ ಹುಡುಗರನ್ನೂ ನಾನು ಬಲ್ಲೆ. ಪ್ರಜ್ಞೆ ತಪ್ಪಿದವನನ್ನು ಕಾಪಾಡಲು ನಿರ್ಣಾಯಕ ಕಾಳಗವನ್ನು ನಿಲ್ಲಿಸಲೇಬೇಕು. ಅವಸರದಲ್ಲಿ ತಪ್ಪುವುದು ಮನುಷ್ಯ ಸಹಜ. ನಾನು ಕೇಳುವುದು ತಪ್ಪದ ತೀರ್ಪನ್ನಲ್ಲ, ಮರುನೋಟವನ್ನು. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಕ್ರಮ ಬಂದಾಗ ಅನೇಕ ಉಪಾಧ್ಯಾಯರು ಗೊಣಗಿದರು. ಗೊಣಗಿದವರಲ್ಲಿ ನಾನೂ ಒಬ್ಬ. ಈಗ ಆ ಗೊಣಗಾಟವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಹೆಸರು ಕೆಳಗೆ ಕಂಡಾಗಲೆಲ್ಲ ನಮ್ಮ ಮಕ್ಕಳು ಬಿದ್ದರೆಂದು ಮರುಗುವವರು ಬಹಳ. ಪುಸ್ತಕ ತಲುಪಿತ್ತೇ, ಅಪ್ಪ ಅವ್ವ ಯಾವ ಊರಿಗೆ ದುಡಿಯಲು ಹೋಗಿದ್ದರು, ತಗ್ಗಿದ ತಲೆಯ ಕೆಳಗೆ ಕೈ ಏನು ಮಾಡುತ್ತಿತ್ತು ಎಂದು ವಿಚಾರಿಸುವವರು ಕಡಮೆ. ಸಾಕುರಾಬಾನಿಗೆ ಮರುಪಂದ್ಯ ದೊರೆಯುವುದಕ್ಕೆ ಇನ್ನೊಬ್ಬನ ಕೈಗೆ ಪೆಟ್ಟಾಗಬೇಕಾಯಿತು. ನಮ್ಮ ಮಕ್ಕಳ ಮರುಪಂದ್ಯವನ್ನು ಅಂಥ ಅದೃಷ್ಟಕ್ಕೆ ಬಿಡಬಾರದು.

ಶಿಷ್ಯ ಹೊರಟಾಗ ಮಸ್ಕಿಯ ಬಸ್ಸಿನವರೆಗೆ ನಾನೂ ಹೋದೆ. ದಾರಿಯಲ್ಲಿ ಅವನ ಊರಿನ ಬಂಡೆಯ ನೆನಪಾಯಿತು. ದೇವಾನಾಂಪ್ರಿಯನೆಂಬ ಬಿರುದಿನ ಅರಸನ ಶಾಸನಗಳು ಭರತಖಂಡದ ಉದ್ದಗಲಕ್ಕೂ ದೊರೆತಿದ್ದುವು. ಆತ ಅಶೋಕನೇ ಎಂದು ಪಂಡಿತರು ಸಿಂಹಳದ ಗ್ರಂಥಗಳ ನೆರವಿನಿಂದ ತರ್ಕಿಸಿದ್ದರು. ಶಾಸನದಲ್ಲಿಯೇ ಅವನ ಹೆಸರು ಮೊದಲು ಕಂಡುದು 1915ರಲ್ಲಿ, ಚಿನ್ನದ ಗಣಿಯ ಇಂಜಿನಿಯರ್ ಬೀಡನ್ನನ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆಯ ಮೇಲೆ. ಅಶೋಕನ ಶಾಸನಗಳಲ್ಲಿ ಮೊದಮೊದಲಿನವೆಂದು ವಿದ್ವಾಂಸರು ಎಣಿಸುವ ವರ್ಗಕ್ಕೆ ಅದು ಸೇರಿದೆ. ಅದರ ಹೆಸರು ಮಾತ್ರ ಕಿರುಶಾಸನ. ದನಗಾಹಿಗಳು ಅದರ ಪಕ್ಕದಲ್ಲಿಯೇ ನಡೆದುಹೋಗುತ್ತಿದ್ದರು. ಬಗ್ಗಿ ಓದುವವರು ಬರುವವರೆಗೆ ಅದು ಬರಿಯ ಬಂಡೆ.

ಬಸ್ಸು ಹೊರಟಿತು. ಆತ ಕಿಟಕಿಯಿಂದ ಕೈಮುಗಿದ. ನಾನೂ ಮುಗಿದೆ. ನನ್ನ ಕೈಮುಗಿತ ಬರಿಯ ಬೀಳ್ಕೊಡುಗೆಯಲ್ಲ, ತಡವಾಗಿ ಬಂದ ಮರುತೀರ್ಪೆಂದು ಆತನಿಗೆ ತಿಳಿಯಿತೋ ಇಲ್ಲವೋ.