ಲಾಟೂ ಫೇಲು, ಟೀಮೂ ಫೇಲು

ನಮ್ಮ ಅಣ್ಣನ ಮಗ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಾನೆ. ಹೋದ ವಾರ ನಲವತ್ತು ಪಾಯಿಂಟಿನಿಂದ ಸೋತು ಬಂದ. ಇಟಿಕ್ಯಾಲದ ಚಹಾದಂಗಡಿಯಲ್ಲಿ ತೀರ್ಪು ತಡವಾಗಲಿಲ್ಲ: "ಅದೂ ಒಂದು ಟೀಮೇನ್ರೀ?"

ಹೀಗಂದವರೆಲ್ಲ ಕಂಪನಿಗೆ ಬೀಜದ ಹತ್ತಿ ಬೆಳೆದುಕೊಡುವವರು. ಸ್ಯಾಂಪಲ್ ಬಿತ್ತಿ ನೋಡಿ, ಬೆರಕೆ ಗಿಡ ಹೆಚ್ಚಿವೆಯೆಂದು ಕಂಪನಿ ಬೀಜದ ಲಾಟನ್ನೇ ಫೇಲ್ ಮಾಡಿದರೆ, "ಹಿಡಿ ಬೀಜ ನೋಡಿ ವರ್ಷದ ದುಡಿಮೆ ಅಳೀತೀರೇನು?" ಎಂದು ಗದ್ವಾಲದ ತನಕ ಹೋಗಿ ಜಗಳ ತೆಗೆಯುವವರೂ ಇವರೇ.

ನಾನು ಹುಡುಗನಿಗೆ ಕೇಳಿದ್ದು ಒಂದೇ, ಅರ್ಧ ಆಟಕ್ಕೆ ಸ್ಕೋರೆಷ್ಟಿತ್ತು?

"ಆರೇ ಪಾಯಿಂಟ್ ಹಿಂದಿದ್ವಿ ಕಾಕಾ. ಆಮ್ಯಾಲ ನಮ್ಮ ಪಾಯಿಂಟ್ ಗಾರ್ಡ್‌ಗ ಐದನೇ ಫೌಲ್ ಬಿತ್ತು."

ಐದು ಫೌಲಾದವನು ಆ ಪಂದ್ಯದಲ್ಲಿ ಮತ್ತೆ ಅಂಗಳಕ್ಕಿಳಿಯುವಂತಿಲ್ಲ. ಚೆಂಡು ನಡೆಸಿಕೊಂಡು ಹೋಗುವವನೇ ಇಲ್ಲವೆಂದರೆ ಪಾಸುಗಳು ಎದುರಾಳಿಯ ಕೈಸೇರುತ್ತವೆ, ಅಲ್ಲಿಂದ ಸೀದಾ ಬುಟ್ಟಿಗೆ. ಸೋಲು ಖಾತ್ರಿಯಾದ ಮೇಲೆ ಕೋಚ್ ಬೆಂಚಿನ ಹುಡುಗರನ್ನು ಇಳಿಸುತ್ತಾರೆ. ಆರು ನಲವತ್ತಾಗುವುದು ಹೀಗೆ. ಗೆದ್ದವರು ಯಾರೆಂಬುದನ್ನು ನಂಬಿ, ಎಷ್ಟರಿಂದ ಎಂಬುದನ್ನು ಅಷ್ಟು ನಂಬಬೇಡಿ ಅನ್ನುತ್ತೇನೆ ನಾನು.

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು ಪೋರ್ಟೊರಿಕೊ 92-73ರಿಂದ ಬಡಿಯಿತು. ಹತ್ತೊಂಬತ್ತು ಪಾಯಿಂಟ್! ಕೊನೆಗೆ ಅಮೆರಿಕಕ್ಕೆ ಕಂಚಾದರೂ ಸಿಕ್ಕಿತು, ಪೋರ್ಟೊರಿಕೊ ಪದಕವಿಲ್ಲದೆ ಮರಳಿತು.

ಆದರೆ ಈ ವಾದದಲ್ಲಿ ನಾನೂ ಒಮ್ಮೆ ಮುಗ್ಗರಿಸಿದ್ದೇನೆ. 2010ರ ನವೆಂಬರಿನಲ್ಲಿ ಜೈಪುರದ ರಣಜಿ ಕ್ರಿಕೆಟ್ ಪಂದ್ಯದಲ್ಲಿ ರಾಜಸ್ಥಾನದ ಎದುರು ನಮ್ಮ ಹೈದರಾಬಾದ್ 21 ರನ್ನಿಗೆ ಆಲೌಟಾಯಿತು. ರಣಜಿಯಲ್ಲಿ ಅದಕ್ಕಿಂತ ಕಡಿಮೆ ಮೊತ್ತ ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ಮೊದಲ ಪಂದ್ಯವಾಡುತ್ತಿದ್ದ ದೀಪಕ್ ಚಾಹರ್ ಎಂಬ ಹದಿನೆಂಟರ ಹುಡುಗ ಹತ್ತು ರನ್ ಕೊಟ್ಟು ಎಂಟು ವಿಕೆಟ್ ಕಿತ್ತಿದ್ದ. ರಾಜಸ್ಥಾನ ಆಗ ಕೆಳಗಿನ ಪ್ಲೇಟ್ ಗುಂಪಿನ ತಂಡ. ಒಂದು ದಿನದ ಪವಾಡ, ಬಿಡಿ ಎಂದಿದ್ದೆ. ಮರುವರ್ಷ ಜನವರಿಯಲ್ಲಿ ಅದೇ ರಾಜಸ್ಥಾನ ಬರೋಡದ ಎದುರು ಫೈನಲ್ ಆಡಿ ಮೊದಲ ಸಲ ರಣಜಿ ಟ್ರೋಫಿ ಎತ್ತಿತು. ಅದರ ಮುಂದಿನ ಸಲವೂ ಗೆದ್ದಿತು. ನಾವು ಇಪ್ಪತ್ತೊಂದರ ಮೇಲೆ ಜೋಕು ಮಾಡುತ್ತ ಕೂತಿದ್ದೆವು, ಬೌಲ್ ಮಾಡಿದವರನ್ನು ನೋಡಲೇ ಇಲ್ಲ. ಹಾಗಾಗಿ ಈಗ ಹುಡುಗನನ್ನು ಸೋಲಿಸಿದ ತಂಡದ ಬಗ್ಗೆಯೂ ವಿಚಾರಿಸುತ್ತಿದ್ದೇನೆ.

ಮುಂದಿನ ಪಂದ್ಯ ಮಹಬೂಬನಗರದಲ್ಲಿ. ಐದು ಫೌಲಿನವನೂ ಆಡುತ್ತಾನೆ. ಚಹಾದಂಗಡಿಯವರನ್ನೂ ಕರೆದೆ. ಹೊಲದಲ್ಲಿ ಹತ್ತಿ ಹೂವಿನ ಕ್ರಾಸಿಂಗ್ ನಡೆದಿದೆ, ಸ್ಕೋರು ಫೋನಿನಲ್ಲಿ ಹೇಳಿ ಅಂದರು.